ಹಿತ್ತಿಲ ಬಾಗಿಲಿನ ಕಷಾಯ

ಸಾಲೋಟಗಿಯ ಸುರೇಖಾಳ ಮನೆಗೆ ಎರಡು ಬಾಗಿಲು. ಮುಂಬಾಗಿಲಿನಿಂದ ಬಂದವರಿಗೆ ಚಹಾ, ಹಿತ್ತಿಲ ಬಾಗಿಲಿನಿಂದ ಬಂದವರಿಗೆ ಕಷಾಯ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಎಮ್ಮೆಯ ಗಟ್ಟಿ ಹಾಲಿನ ಚಹಾ ಕುಡಿದು, "ಇದಕ್ಕಂತಾರ ನೋಡ್ರಿ ಚಹಾ" ಎಂದು ಮೀಸೆ ಒರೆಸಿಕೊಂಡು ಹೋದವರೇ, ಮಧ್ಯಾಹ್ನ ಉಂಡದ್ದು ಎದೆಗೇರಿ ಕೂತಾಗ ಗೋಡೆ ಬಳಸಿ ಹಿತ್ತಿಲಿಗೆ ಬರುತ್ತಿದ್ದರು. ಲಿಂಬೆ ಗಿಡಗಳ ಮರೆಯಲ್ಲಿ ನಿಂತು ಕಳ್ಳರ ಹಾಗೆ ಆಚೀಚೆ ನೋಡಿ ಲೋಟ ಚಾಚುತ್ತಿದ್ದರು. ಕುಡಿದು ಒಂದು ತೇಗು ಬಿಟ್ಟು, "ಯಾರ ಮುಂದನೂ ಹೇಳಬ್ಯಾಡ್ರಿ ಮತ್ತ" ಎಂದು ಜಾರಿಕೊಳ್ಳುತ್ತಿದ್ದರು. ಇಂಥವರೇ ಅರ್ಧ ಓಣಿ ಇದ್ದಾಗ, ಹೇಳುವುದಾದರೂ ಯಾರ ಮುಂದೆ?

ಆ ಸೀಮೆಯವರ ಲೆಕ್ಕದಲ್ಲಿ ಕಷಾಯ ಎಂದರೆ ಜಡ್ಡಿನವರು, ಅಂದರೆ ಕಾಯಿಲೆ ಬಿದ್ದವರು, ಕುಡಿಯುವ ನೀರು. ಮನೆಗೆ ಬಂದವರಿಗೆ ಚಹಾ ಕೊಡದಿದ್ದರೆ ನಮ್ಮ ಮರ್ಯಾದೆ ಹೋಯಿತು. ಚಹಾದ ಜಾಗದಲ್ಲಿ ಕಷಾಯ ಕೊಟ್ಟರಂತೂ ಬಂದವರ ಮರ್ಯಾದೆಯೂ ಅದರ ಜೊತೆಗೇ ಹೋಯಿತು. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಹುಟ್ಟಿ ಬೆಳೆದ ಸುರೇಖಾಳಿಗೆ ಇದು ಗೊತ್ತಿರಲಿಲ್ಲ. ಅವಳ ತವರಿನಲ್ಲಿ ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅವ್ವ ಕಷಾಯ ಕುದಿಸುತ್ತಿದ್ದಳು, ಮನೆಮಂದಿಯೆಲ್ಲ ಒಲೆಯ ಮುಂದೆ ಕೂತು ಕುಡಿಯುತ್ತಿದ್ದರು, ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಸಿಂದಗಿಯಿಂದ ಬಂದಿದ್ದ ಅತ್ತೆಯ ಅಣ್ಣನಿಗೆ ಅದೇ ಪ್ರೀತಿಯಿಂದ ಒಂದು ಕಪ್ಪು ಕಷಾಯ ತಂದುಕೊಟ್ಟಳು. ಆ ಹಿರಿಯ ಕಪ್ಪಿನೊಳಗೆ ಇಣುಕಿ ನೋಡಿ, "ಯಾಕವಾ, ನಿಮ್ಮ ಎಮ್ಮಿ ಹಾಲ ಕೊಡೂದ ಬಿಟ್ಟೈತೇನು? ಇಲ್ಲಾ ನಾನು ಜಡ್ಡ ಬಿದ್ದಂಗ ಕಾಣಾಕತ್ತೇನೇನು?" ಎಂದು ಕೇಳಿ, ಟೊಪ್ಪಿಗೆ ಇಟ್ಟುಕೊಂಡು ಎದ್ದೇ ಹೋದ.

ಅತ್ತೆ ಗುರವ್ವ ಅಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುಂಬಾಗಲದಿಂದ ಬಂದವ್ರಿಗೆ ಈ ನೀರು ತೋರಸಬ್ಯಾಡ. ನಿನಗ ಬೇಕಂದ್ರ ಹಿತ್ತಲದಾಗ ಕುದಿಸ್ಕೊ," ಎಂದಳು, ಅಷ್ಟೇ. ಗುರವ್ವನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ. ಎಮ್ಮೆ ಕೊಳ್ಳಲು ಬಂದವರಿಗೆ ಎಮ್ಮೆ ಒದೆಯುತ್ತದೆಂದು ಮೊದಲೇ ಹೇಳಿ ಗಿರಾಕಿಯನ್ನು ಓಡಿಸಿದ ಹೆಂಗಸು ಅವಳು. ಸುಳ್ಳು ಅವಳ ನಾಲಿಗೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಸುರೇಖಾ ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಮರುದಿನ ಹಿತ್ತಿಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಆ ಒಲೆ ಇಪ್ಪತ್ತೈದು ವರ್ಷಗಳಿಂದ ಅಲ್ಲೇ ಇತ್ತು.

ಅವಳು ಕಷಾಯ ಮಾಡುವುದನ್ನು ನೋಡುವುದೇ ಒಂದು ಸುಖ. ಹವೀಜ, ಅಂದರೆ ಕೊತ್ತಂಬರಿ ಬೀಜ, ಅದನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವ ತನಕ ಹುರಿಯಬೇಕು. ಜೀರಿಗೆಯನ್ನು ಅದರ ಜೊತೆ ಹಾಕಬಾರದು, ಅದು ಅವಸರದ ಜಾತಿ, ಕಣ್ಣು ಮಿಟುಕಿಸುವುದರೊಳಗೆ ಸೀದುಹೋಗುತ್ತದೆ. ಬಡೇಸೋಪಿಗೆ, ಎಂದರೆ ಸೋಂಪಿಗೆ, ಬರೀ ಬಿಸಿ ತಾಗಿದರೆ ಸಾಕು. ಅಜವಾನವನ್ನು, ಅದೇ ಓಂಕಾಳನ್ನು, ಒಲೆಯಿಂದ ಇಳಿಸಿದ ಬಾಣಲೆಯಲ್ಲಿ ಆಡಿಸಬೇಕು. ಒಣಶುಂಠಿಯನ್ನೂ ಕರಿಮೆಣಸನ್ನೂ ಕುಟ್ಟಾಣಿಯಲ್ಲಿ ಕುಟ್ಟಿ, ಎಲ್ಲವನ್ನೂ ತರಿತರಿಯಾಗಿ ಕೂಡಿಸಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ ಹಾಕಿ, ಅರಿವೆಯಲ್ಲಿ ಸೋಸಿ, ಕೊನೆಗೆ ಹಿತ್ತಿಲ ಲಿಂಬೆಯ ನಾಲ್ಕು ಹನಿ. ಲಿಂಬೆಯನ್ನು ಕುದಿಯುವಾಗ ಹಿಂಡಿದರೆ ಕಹಿಯಾಗುತ್ತದೆ ಎಂದು ಓಣಿಯ ಹೆಂಗಸರಿಗೆ ಅವಳು ಹೇಳಿ ಹೇಳಿ ಸುಸ್ತಾಗಿದ್ದಳು.

ದಿನವೂ ತಪ್ಪದೆ ಬರುತ್ತಿದ್ದವಳು ಪಕ್ಕದ ಮನೆಯ ಬಿಬಿಜಾನ. ಅವಳು ಅಲ್ಲೇ ಕೂತು ಒಂದು ಲೋಟ ಕುಡಿದು, ಇನ್ನೊಂದು ಲೋಟ ಮುಚ್ಚಿಕೊಂಡು ಒಯ್ಯುತ್ತಿದ್ದಳು. "ನಮ್ಮ ಮನಿಯವರಿಗಕ್ಕ. ಉಂಡದ್ದು ಪಚನ ಆಗಬೇಕಂದ್ರ ಇದ ಬೇಕು ಅಂತಾರ," ಎನ್ನುತ್ತಿದ್ದಳು. ಬಿಬಿಜಾನಳ ಗಂಡ ಜೈನುದ್ದೀನ ಟಂಟಂ ರಿಕ್ಷಾ ಓಡಿಸುವವನು, ಕಡ್ಡಿಯ ಹಾಗಿದ್ದ. ಇಷ್ಟೊಂದು ಕಷಾಯ ಕುಡಿದೂ ಇವನ ಮೈ ಹಿಡಿಯಲೊಲ್ಲದಲ್ಲ ಎಂದು ಸುರೇಖಾ ಎಷ್ಟೋ ಸಲ ಮರುಗಿದ್ದಳು.

ಹೀಗೆ ನಡೆದಿದ್ದಾಗ ಮಗಳು ಕೋಮಲಳ ನಿಶ್ಚಯದ ದಿನ ಬಂತು.

ಕೋಮಲ ಬಸವನ ಬಾಗೇವಾಡಿಯಲ್ಲಿ ಒಂದು ಸಾಲೆಯ ಶಿಕ್ಷಕಿ. ಸಾಲೆಯ ಎದುರಿಗೇ ಅನೀಲಕುಮಾರನ ಔಷಧದ ಅಂಗಡಿ. ಹೋದ ವರ್ಷ ಕೋಮಲಳಿಗೆ ತಲೆನೋವು ಯಾಕೋ ಪದೇ ಪದೇ ಬರುತ್ತಿತ್ತು, ಆ ತಲೆನೋವಿಗೆ ಬೇರೆ ಯಾವ ಅಂಗಡಿಯ ಗುಳಿಗೆಯೂ ನಾಟುತ್ತಿರಲಿಲ್ಲ. ಹಿರಿಯರಿಗೆ ಗೊತ್ತಾಯಿತು, ಮಾತುಕತೆ ಆಯಿತು, ಎಲ್ಲರೂ ಒಪ್ಪಿದರು. ಉಳಿದದ್ದು ಒಂದೇ. ತಂದೆ ಇಲ್ಲದ ಹುಡುಗ. ಅವನ ಕಾಕಾ ಶ್ರೀಶೈಲಪ್ಪ ಬಂದು, ಉಂಡು, ತನ್ನ ಕೈಯಿಂದ ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿ. ಹಂಚದಿದ್ದರೆ ಇಲ್ಲ.

ಶ್ರೀಶೈಲಪ್ಪ ಸಾಮಾನ್ಯ ಆಸಾಮಿಯಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ನಿಶ್ಚಯವಿದ್ದರೂ ನಡುವಿನ ಹಿರಿಯನಾಗಿ ಅವನೇ ಬೇಕು. ಪದ್ಧತಿ ಎಂದರೆ ಅವನಿಗೆ ಪ್ರಾಣ. ಆ ರವಿವಾರ ಜೀಪಿನಿಂದ ಇಳಿದಾಗಿನಿಂದ, ಕಾಲಿಗೆ ನೀರು ಕೊಡುವ ತಂಬಿಗೆ ಯಾವ ಕೈಯಲ್ಲಿರಬೇಕು ಎಂಬಲ್ಲಿಂದ ಹಿಡಿದು, ಹಾಸಿದ ಜಮಖಾನೆಯ ಅಂಚು ಯಾವ ದಿಕ್ಕಿಗಿರಬೇಕು ಎಂಬಲ್ಲಿಯವರೆಗೆ, "ಪದ್ಧತಿ ಹಂಗಿಲ್ರಿ, ಹಿಂಗೈತಿ," ಎಂದು ಹೇಳುತ್ತಲೇ ಇದ್ದ. ಸುರೇಖಾಳ ಗಂಡ ಕಾಂತು ಬೆವರು ಒರೆಸಿಕೊಳ್ಳುತ್ತ "ಹೌದ್ರಿ, ಹೌದ್ರಿ" ಎನ್ನುತ್ತಿದ್ದ.

ಆಮೇಲೆ ಊಟ. ಈ ಕಡೆಯ ಬೀಗರ ಊಟ ಕಂಡವರಿಗೆ ಗೊತ್ತು, ಅದು ಊಟವಲ್ಲ, ಕುಸ್ತಿ. ಬೇಡ ಎಂದಷ್ಟೂ ಬಡಿಸುವವರು ನೀಡಬೇಕು. ಉಣ್ಣುವವರು ನೀಡಿದ್ದನ್ನು ಬಿಡಬಾರದು. ಬಿಟ್ಟರೆ ಉಣಿಸಿದವರಿಗೆ ಅವಮಾನ, ನೀಡುವ ಕೈ ನಿಂತರೆ ಉಂಡವರಿಗೆ ಅವಮಾನ. ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ, ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮಿರ್ಚಿ ಭಜಿ. ಕಾಂತು ತುಪ್ಪದ ತಂಬಿಗೆ ಹಿಡಿದು ಶ್ರೀಶೈಲಪ್ಪನ ಮುಂದೆಯೇ ಠಿಕಾಣಿ ಹೂಡಿದ. "ನಿಮಗ ನಮ್ಮ ಕೋಮಲನ ಆಣಿ ಐತ್ರಿ, ಒಂದ ಹೋಳಗಿ," ಎಂದ. ಹುಡುಗಿಯ ಆಣೆ ಹಾಕಿದ ಮೇಲೆ ಹಿರಿಯ ಏನು ಮಾಡಬೇಕು? ಉಂಡ. ಮತ್ತೊಂದು ಆಣೆ, ಮತ್ತೊಂದು ಹೋಳಿಗೆ. ಕಾಂತುವಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಹುಟ್ಟಿದಾಗಿನಿಂದ ಗೊತ್ತಿಲ್ಲ.

ಊಟವಾದ ಮೇಲೆ ಗಂಡಸರು ಪಡಸಾಲೆಯಲ್ಲಿ ಕೂತರು. ಹೆಂಗಸರು ಒಳಗೆ ಕೋಮಲಳಿಗೆ ಹೊಸ ಸೀರೆ ಉಡಿಸಿ ಕೂರಿಸಿದರು. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಸಕ್ಕರೆ ಹಂಚಬೇಕು. ಸಕ್ಕರೆಯ ತಾಟು ತಯಾರಾಗಿತ್ತು. ಕಾಂತು ಅದನ್ನು ಶ್ರೀಶೈಲಪ್ಪನ ಮುಂದೆ ಇಟ್ಟು ಕೈಮುಗಿದ.

ಶ್ರೀಶೈಲಪ್ಪ ತಾಟನ್ನು ಮುಟ್ಟಲಿಲ್ಲ. ಗೋಡೆಗೆ ಬೆನ್ನು ಒತ್ತಿ ಕೂತು, ಸೂರು ನೋಡುತ್ತ, "ಇವತ್ತ ಬ್ಯಾಡ್ರಿ. ಸಕ್ಕರಿ ಇನ್ನೊಂದ ದಿನ ನೋಡೋಣು," ಎಂದ.

ಕಾಂತುವಿನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಇನ್ನೊಂದು ದಿನ ಎಂದರೆ ಏನೆಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದು ಬೇಡ ಎನ್ನುವುದನ್ನು ಹಿರಿಯರು ಹೇಳುವ ರೀತಿ. ಸುದ್ದಿ ಒಳಮನೆಗೆ ಹೋಗುವುದಕ್ಕೆ ಗಳಿಗೆಯೂ ಹಿಡಿಯಲಿಲ್ಲ. ಕೋಮಲ ಸೀರೆಯ ನಿರಿಗೆಯನ್ನು ಹಿಡಿದುಕೊಂಡು ಗೋಡೆ ಕಡೆಗೆ ತಿರುಗಿದಳು. ಅವಳ ಭುಜ ನಡುಗುವುದನ್ನು ಸುರೇಖಾ ನೋಡಿದಳು. ಜಮಖಾನೆಯ ಅಂಚು ತಪ್ಪಿತೇ? ತಂಬಿಗೆಯೇ? ಏನು ತಪ್ಪಾಯಿತೆಂದು ತಿಳಿಯದೆ ಅವಳು ಅಡುಗೆಮನೆಗೂ ಪಡಸಾಲೆಯ ಬಾಗಿಲಿಗೂ ತಿರುಗಾಡಿದಳು.

ಬಾಗಿಲ ಸಂದಿಯಿಂದ ಒಮ್ಮೆ ಸರಿಯಾಗಿ ನೋಡಿದಳು. ಶ್ರೀಶೈಲಪ್ಪನ ಮುಂದೆ ಎಲೆ ಅಡಿಕೆಯ ತಟ್ಟೆ ಹಾಗೇ ಇತ್ತು. ಧೋತರದ ಗಂಟು ಸಡಿಲಾಗಿತ್ತು. ಒಂದು ಕೈ ನೆಲಕ್ಕೆ ಊರಿ, ಒಂದು ಕೈ ಹೊಟ್ಟೆಯ ಮೇಲಿಟ್ಟು, ಉಸಿರನ್ನು ಅರ್ಧರ್ಧ ಎಳೆಯುತ್ತಿದ್ದ. ಈ ಭಂಗಿಯನ್ನು ಸುರೇಖಾ ಲಿಂಬೆ ಗಿಡದ ಮರೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ನೋಡುತ್ತ ಬಂದಿದ್ದಳು.

ಅಷ್ಟರಲ್ಲಿ ಹಿತ್ತಿಲ ಬಾಗಿಲು ಕಿರ್ರೆಂದಿತು. ನೋಡಿದರೆ ಅಳಿಯನಾಗಬೇಕಾದ ಅನೀಲಕುಮಾರ, ಅವನೂ ಗೋಡೆ ಬಳಸಿಯೇ ಬಂದಿದ್ದ.

"ಅತ್ತಿಯವರ, ಒಂಚೂರು ಬಿಸಿನೀರು ಕೊಡ್ತೀರೇನು?" ಎಂದ. ಅವನ ಮುಖ ಬಾಡಿತ್ತು. "ಕಾಕಾಗ ಹೊಟ್ಟಿ ಉಬ್ಬೈತ್ರಿ. ಎಲ್ಲಾ ಕೇಳಿ ನೋಡೇನಿ, ಬ್ಯಾರೆ ಏನೂ ಇಲ್ಲ, ಹೋಳಗಿ ಹೆಚ್ಚಾಗ್ಯಾವ. ಕೂಡಾಕ ಆಗವಲ್ದು, ಏಳಾಕ ಆಗವಲ್ದು. ಗುಳಿಗಿ ಕೊಟ್ಟರ ಕಣ್ಣ ತಗದ್ರು. ಬೀಗರ ಮನ್ಯಾಗ ಉಂಡು ಗುಳಿಗಿ ನುಂಗಿದ್ರ ಅವರ ಊಟಕ್ಕ ಕೆಟ್ಟ ಹೆಸರ ಇಟ್ಟಂಗ ಆಗ್ತೈತಿ ಅಂತಾರ್ರಿ."

ಸುರೇಖಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಪ, ಆ ಮನುಷ್ಯ ಈ ಮನೆಯ ಮರ್ಯಾದೆ ಉಳಿಸಲೆಂದೇ ನೋವು ನುಂಗಿ ಕೂತಿದ್ದಾನೆ, ಅದರಿಂದಲೇ ಈ ಮನೆಯ ಮರ್ಯಾದೆ ಹೋಗುತ್ತಿದೆ!

"ಅಕ್ಕಾ, ಹಿತ್ತಲಕ್ಕ ಕರೀರಿ ಅವರನ್ನ," ಎಂದಳು ಅಡುಗೆಗೆ ನೆರವಾಗಲು ಬಂದಿದ್ದ ಬಿಬಿಜಾನ.

"ಬೀಗರನ್ನ ಹಿತ್ತಲಕ್ಕ ಕರೀತಾರೇನ ಬಿಬಿಜಾನ? ಅದಕ್ಕಿಂತ ಮನಿಗೆ ಹೊಂಟು ಹೋಗ್ರಿ ಅನ್ನೂದು ಮೇಲು."

ಹೇಳುತ್ತಲೇ ಸುರೇಖಾ ಹಿತ್ತಿಲ ಒಲೆಗೆ ಕಟ್ಟಿಗೆ ತುರುಕಿದ್ದಳು. ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ, ಕೈಗಳಿಗೆ ಗೊತ್ತಿತ್ತು. ಹವೀಜ ಚಟಪಟ ಅಂದಿತು. ಜೀರಿಗೆ ಬಿತ್ತು. ಬಿಬಿಜಾನ ಶುಂಠಿ ಕುಟ್ಟಿದಳು, ಅನೀಲಕುಮಾರ ಸುಮ್ಮನೆ ನಿಲ್ಲಲಾರದೆ ಲಿಂಬೆಹಣ್ಣು ಕಿತ್ತು ತಂದ. ದೊಡ್ಡ ಪಾತೇಲಿಯಲ್ಲಿ ನೀರು ಅರ್ಧಕ್ಕೆ ಇಳಿಯಿತು. ಸೋಸಿದ ಮೇಲೆ ಬಿಬಿಜಾನ ಸ್ಟೀಲ್ ಲೋಟಗಳಿಗೆ ಕೈ ಹಾಕಿದಳು.

"ಅವು ಬ್ಯಾಡ," ಎಂದಳು ಸುರೇಖಾ. ಕಪಾಟು ತೆರೆದು ಬಂಗಾರದಂಚಿನ ಕಪ್ಪು-ಬಸಿಗಳನ್ನು ಇಳಿಸಿದಳು. ವರ್ಷಕ್ಕೊಮ್ಮೆ ಬೀಗರು ಬಂದಾಗ ಚಹಾಕ್ಕೆಂದೇ ಹೊರಬರುವ ಕಪ್ಪುಗಳು ಅವು. ಎರಡು ದೊಡ್ಡ ಪರಾತಗಳಲ್ಲಿ ಜೋಡಿಸಿ, ಒಂದನ್ನು ಬಿಬಿಜಾನಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಅವಳು ನೆಟ್ಟಗೆ ಪಡಸಾಲೆಗೆ ನಡೆದಳು.

ಕಾಂತು ಪರಾತ ನೋಡಿದ, ಮೂಗಿಗೆ ವಾಸನೆ ಬಡಿಯಿತು, ಮುಖದ ಬಣ್ಣ ಇಳಿಯಿತು. ಮೂಲೆಯಲ್ಲಿ ಕೂತಿದ್ದ ಗುರವ್ವ ಸೊಸೆಯನ್ನೇ ನೋಡಿದಳು. ಸುರೇಖಾಳಿಗೆ ಒಳಗೆ ಗೋಡೆ ಕಡೆ ತಿರುಗಿ ಕೂತ ಮಗಳು ನೆನಪಾದಳು. ಮೊದಲ ಕಪ್ಪನ್ನು ಶ್ರೀಶೈಲಪ್ಪನ ಮುಂದೆ ಹಿಡಿದಳು.

ಅವನು ಕಪ್ಪಿನೊಳಗೆ ಇಣುಕಿದ. "ಇದೇನ್ರಿ?"

"ಕಷಾಯ್ರಿ."

"ಕಷಾಯ?" ಶ್ರೀಶೈಲಪ್ಪನ ಹುಬ್ಬು ಮೇಲೇರಿತು. "ಯಾರಿಗೆ ಜಡ್ಡಾಗೈತಿ?"

"ಯಾರಿಗೂ ಇಲ್ರಿ." ಸುರೇಖಾ ಉಸಿರು ತೆಗೆದುಕೊಂಡಳು. "ನಮ್ಮ ಮನಿ ಪದ್ಧತಿರಿ ಇದು."

ಮಾತು ಬಾಯಿಂದ ಬಿದ್ದುಹೋಗಿತ್ತು. ಬಿದ್ದದ್ದನ್ನು ಎತ್ತಿಕೊಳ್ಳಲಾಗದೆ ಅವಳು ಮುಂದೆ ನೂಕಿದಳು. "ಸಕ್ಕರಿ ಹಂಚೂಕಿಂತ ಮೊದಲ ಎರಡೂ ಕಡಿಯವ್ರು ಕೂಡಿ ಕಷಾಯ ಕುಡೀಬೇಕ್ರಿ. ಖಾರ, ಹುಳಿ, ಸಿಹಿ, ಎಲ್ಲಾ ಒಂದ ಕಪ್ಪಿನ್ಯಾಗ ಕೂಡಿರತೈತಿ. ಎಲ್ಲಾದಕ್ಕೂ ಜೋಡಿ ಇರ್ತೇವಿ ಅಂತ ಅದರ ಅರ್ಥರಿ. ಗಂಡಿನ ಕಡೆ ಹಿರ್ಯಾರು ಮೊದಲ ಕುಡೀಬೇಕು. ತಳದಾಗ ಒಂದ ಹನಿನೂ ಬಿಡಬಾರದ್ರಿ."

ಶ್ರೀಶೈಲಪ್ಪನ ಮುಖದಲ್ಲಿ ಸಂಶಯ ಮತ್ತು ಆಸೆ ಒಂದರ ಹಿಂದೊಂದು ಬಂದವು. ಮೂರು ತಾಲೂಕಿನ ಪದ್ಧತಿ ಅರಗಿಸಿಕೊಂಡವನು ತಾನು, ಇದೊಂದು ಹೇಗೆ ತಪ್ಪಿತು? ಅವನು ಗುರವ್ವನ ಕಡೆ ತಿರುಗಿದ. ಅವಳು ಸುಳ್ಳು ಹೇಳುವವಳಲ್ಲ ಎಂಬುದು ಬಾಗೇವಾಡಿಯವರೆಗೂ ಹೋದ ಮಾತು.

"ಹೌದೇನ್ರಿ ಯವ್ವಾ? ನಿಮ್ಮ ಮನ್ಯಾಗ ಹಿಂಗ ಪದ್ಧತಿ ಐತೇನು?"

ಸುರೇಖಾ ನೆಲ ನೋಡಿದಳು.

ಗುರವ್ವ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡಳು. "ಐತಿ," ಎಂದಳು. "ನಮ್ಮತ್ತಿ ಕಾಲದಿಂದ ಐತಿ. ನನ್ನ ನಿಶ್ಚಯದಾಗ ಎರಡ ಕಪ್ ಕುಡದಿದ್ರು. ಆರತೈತಿ, ಕುಡೀರಿ."

ಸುರೇಖಾ ತಲೆ ಎತ್ತಲಿಲ್ಲ, ಎತ್ತಿದ್ದರೆ ಎಲ್ಲರ ಮುಂದೆ ಅತ್ತುಬಿಡುತ್ತಿದ್ದಳು. ಶ್ರೀಶೈಲಪ್ಪ ಕಪ್ಪು ತೆಗೆದುಕೊಂಡ. ಬಸಿಗೆ ಸುರುವಿ, ಊದಿ, ಕಣ್ಣು ಮುಚ್ಚಿ ಎಳೆದ. ಮತ್ತೊಂದು ಬಸಿ. ಪದ್ಧತಿ ಎಂದ ಮೇಲೆ ಯಾರೂ ಹಿಂದೆ ಬೀಳುವಂತಿರಲಿಲ್ಲ; ಕಾಂತು ಕುಡಿದ, ಜೀಪಿನ ಡ್ರೈವರ ಕುಡಿದ, ಓಣಿಯ ಹಿರಿಯರು ಇದೇ ಮೊದಲ ಸಲ ರುಚಿ ನೋಡುತ್ತಿರುವವರ ಹಾಗೆ ನಟಿಸುತ್ತ ಕುಡಿದರು. ಜೈನುದ್ದೀನ ಮಾತ್ರ ಒಂದು ಗುಟುಕಿಗೇ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ.

"ಯಪ್ಪಾ! ಹಿಂಗಿರತೈತೇನ್ರಿ ಇದು? ಹುಟ್ಟಿದಾಗಿಂದ ಕುಡದಿಲ್ಲ ನೋಡ್ರಿ ನಾ."

ಸುರೇಖಾ ಗಕ್ಕನೆ ಬಿಬಿಜಾನಳ ಕಡೆ ನೋಡಿದಳು. ದಿನವೂ ಮುಚ್ಚಿಕೊಂಡು ಒಯ್ದ ಆ ಎರಡನೆಯ ಲೋಟ? ಬಿಬಿಜಾನ ಸೆರಗು ಬಾಯಿಗೆ ಒತ್ತಿಕೊಂಡು ಗುರವ್ವನ ಕಡೆ ನೋಡಿದಳು. ಗುರವ್ವ ಎಂದೂ ಇಲ್ಲದ ಆಸಕ್ತಿಯಿಂದ ಸೂರಿನ ತೊಲೆಗಳನ್ನು ನೋಡತೊಡಗಿದಳು. ಅವಳ ಕೈಯ ಕಪ್ಪು ಆಗಲೇ ಖಾಲಿಯಾಗಿತ್ತು, ತಳದಲ್ಲಿ ಒಂದು ಹನಿಯೂ ಇರಲಿಲ್ಲ.

ಆಗ ಶ್ರೀಶೈಲಪ್ಪ ತೇಗಿದ. ಅದು ಅಂಥಿಂಥ ತೇಗಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ಮರುಕ್ಷಣ ಶ್ರೀಶೈಲಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕ, ಅವನ ಹಿಂದೆ ಪಡಸಾಲೆಯೆಲ್ಲ ನಕ್ಕಿತು, ಒಳಮನೆಯ ಹೆಂಗಸರು ಯಾಕೆಂದು ತಿಳಿಯದೆಯೂ ನಕ್ಕರು. ಅವನು ನೆಟ್ಟಗೆ ಕೂತ, ಧೋತರದ ಗಂಟು ಬಿಗಿದ.

"ರಾಹುಕಾಲ ಬರೂದರೊಳಗ ಮುಗಸೋಣು, ತರ್ರಿ ಸಕ್ಕರಿ," ಎಂದ. ತಾಟಿಗೆ ಕೈ ಹಾಕಿದವನು ತಡೆದು, ದನಿ ತಗ್ಗಿಸಿ ಸುರೇಖಾಳನ್ನು ಕೇಳಿದ. "ಬೀಗತಿಯವರ, ನಿಮ್ಮ ಪದ್ಧತಿಯೊಳಗ ಎರಡನೇ ಕಪ್ ಐತಿ ಅಂದ್ರಲ್ಲ ಯವ್ವಾರು?"

"ಐತ್ರಿ," ಎಂದಳು ಸುರೇಖಾ. "ಬೇಕಾದಷ್ಟು ಐತ್ರಿ."

ಬಂದವರ ಜೀಪು ಇಂಡಿ ಪಟ್ಟಣದ ಹಾದಿ ಹಿಡಿದ ಮೇಲೆ ಸುರೇಖಾ ಹಿತ್ತಿಲಿಗೆ ಬಂದಳು. ಗುರವ್ವ ಒಲೆಯ ಮುಂದೆ ಕೂತು, ಪಾತೇಲಿಯಲ್ಲಿ ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದಳು. ಸೊಸೆಯನ್ನು ಕಂಡು ಮುಚ್ಚಿಡಲೂ ಇಲ್ಲ.

"ಅತ್ತೀ, ನೀವು ಸುಳ್ಳ ಹೇಳಿದ್ರಿ," ಎಂದಳು ಸುರೇಖಾ.

"ಹೇಳಿದೆ. ಹುಡುಗಿ ಅಳಾಕತ್ತಿದ್ಲು," ಎಂದಳು ಗುರವ್ವ. ಒಂದು ಗುಟುಕು ಕುಡಿದಳು. "ಅಣ್ಣ ಎದ್ದ ಹೋದ ದಿನ ನನಗ ಸಿಟ್ಟು ಬಂದಿತ್ತು, ಬಾಯಿಂದ ಮಾತ ಬಂದಬಿಟ್ಟತು. ಆಮ್ಯಾಲೆ ಬಿಬಿಜಾನ ಒಂದ ದಿನ ಕುಡಿಸಿದ್ಲು. ಬೇಕು ಅಂತ ನಿನ್ನ ಹಂತೇಕ ಬಾಯಿ ಬಿಟ್ಟ ಕೇಳಾಕ ನಾಚಿಕಿ ಬಂತವಾ. ನಾಚಿಕೊಂತ ನಾಚಿಕೊಂತ ಇಷ್ಟ ವರ್ಷ ಆತು." ಅವಳು ಲೋಟವನ್ನು ಸೊಸೆಯ ಕಡೆ ಚಾಚಿದಳು. "ಕುಡಿ. ನಿಂದ ನೀನ ಕುಡದಿಲ್ಲ ಇವತ್ತ."

ಸುರೇಖಾ ಅತ್ತೆಯ ಪಕ್ಕ ಕೂತು ಅದೇ ಲೋಟದಿಂದ ಕುಡಿದಳು. ತಂಗಡಗಿಯ ಒಲೆಯ ಮುಂದೆ ಕೂತ ಹಾಗನಿಸಿತು ಅವಳಿಗೆ. ಅಂದು ಸಂಜೆಯಿಂದ ಆ ಮನೆಯ ಕಷಾಯ ಅಡುಗೆಮನೆಯ ಒಲೆಗೇ ಬಂತು.

ಮರುವರ್ಷ ತಾಂಬಾದಲ್ಲಿ ಕಾಂತುವಿನ ಕಡೆಯವರ ಒಂದು ನಿಶ್ಚಯ. ಸುರೇಖಾ, ಗುರವ್ವ ಇಬ್ಬರೂ ಹೋಗಿದ್ದರು. ಊಟವಾಯಿತು, ಸಕ್ಕರೆಯ ತಾಟು ಬಂತು. ಪ್ರಯಾಣದ ದಣಿವಿನಲ್ಲಿ ಸುರೇಖಾ ಒಂದು ಚಿಟಿಕೆ ಸಕ್ಕರೆಗೆ ಕೈ ಚಾಚಿದಳು. ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಒಬ್ಬ ಮುದುಕಿ ಅವಳ ಕೈಯ ಮೇಲೆ ಚಟ್ಟನೆ ಹೊಡೆದಳು.

"ಎಂಥ ಹೆಣ್ಮಗಳವಾ ನೀನು! ಕಷಾಯ ಕುಡೀಲಾರದ ಸಕ್ಕರಿ ಮುಟ್ತಾರೇನು? ಹಿರ್ಯಾರ ಕಾಲದ ಪದ್ಧತಿ ಐತಿ ಇದು. ಶ್ರೀಶೈಲಪ್ಪನವರು ಕೂತಲ್ಲೆಲ್ಲಾ ಇದನ್ನ ತಪ್ಪಸೂದಿಲ್ಲ. ನಿಮ್ಮ ತವರುಮನ್ಯಾಗ ಏನೂ ಕಲಿಸಿಲ್ಲೇನು?"

ಸುರೇಖಾ ಕೈ ಹಿಂದಕ್ಕೆ ತೆಗೆದುಕೊಂಡಳು. "ತಪ್ಪಾತ್ರಿ ಯವ್ವಾ," ಎಂದಳು. ಮುಂಬಾಗಿಲಿನಿಂದ ಪರಾತ ಬಂತು, ಕಪ್ಪು-ಬಸಿಗಳಲ್ಲಿ ಹಬೆಯಾಡುತ್ತಿತ್ತು. ಅವಳು ಒಂದು ಕಪ್ಪು ತೆಗೆದುಕೊಂಡು, ಆ ಮುದುಕಿ ಕಣ್ಣಿಟ್ಟು ನೋಡುತ್ತಿರುವಂತೆಯೇ ಕೊನೆಯ ಹನಿಯವರೆಗೆ ಕುಡಿದಳು.

ಗುರವ್ವ ತನ್ನ ಕಪ್ಪು ಮುಗಿಸಿ ಬಸಿಯ ಮೇಲೆ ಮಗುಚಿಟ್ಟಳು. ಆಮೇಲೆ ಇಡೀ ಪಡಸಾಲೆಗೆ ಕೇಳುವ ಹಾಗೆ, ಎಮ್ಮೆಯ ದೋಷ ಹೇಳುವ ಅದೇ ದನಿಯಲ್ಲಿ ಹೇಳಿದಳು. "ಲಿಂಬಿ ಕುದಿಯಾಗ ಹಿಂಡ್ಯಾರ, ಕಹಿ ಆಗೈತಿ. ನಮ್ಮ ಸೊಸಿ ಕೈಯಾಂದು ಕುಡೀಬೇಕ್ರಿ ನೀವು."